ಒಡೆಯದ ಮೂವತ್ತೊಂದು

ಈಗಷ್ಟೇ ಶಾಲೆಯಿಂದ ಬಂದೆ, ಗೆಳೆಯರೇ. ಇವತ್ತು ನನ್ನ ಏಳನೇ ತರಗತಿಯ ಮಕ್ಕಳು ಬೋರ್ಡಿನ ಮೇಲಿನ ಸಂಖ್ಯೆ ನೋಡಿ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಊಟ ಸೇರುತ್ತಿಲ್ಲ.

ನಮ್ಮ ತರಗತಿಯಲ್ಲೊಂದು ಪದ್ಧತಿಯಿದೆ. ಹಾಜರಿ ಕೂಗುವ ಮೊದಲು ತಲೆ ಎಣಿಸಿ, ಎಷ್ಟು ಮಕ್ಕಳಿದ್ದಾರೋ ಆ ಸಂಖ್ಯೆಯನ್ನೇ ಅವಿಭಾಜ್ಯಗಳಾಗಿ ಒಡೆಯಬೇಕು. ನಿನ್ನೆ ಮೂವತ್ತೆರಡು ಮಂದಿ ಇದ್ದರು. ರುಕ್ಮಿಣಿ ಓಡಿಬಂದು, “ಎರಡರ ಐದನೇ ಘಾತ ಮೇಷ್ಟ್ರೇ,” ಎಂದು ಬರೆದಳು. ಉತ್ತರ ಸರಿಯೇ. ಆದರೆ ಘಾತದ ಐದನ್ನು ಮೇಲೆ ಚಿಕ್ಕದಾಗಿ ಬರೆಯುವ ಬದಲು ಎರಡರಷ್ಟೇ ದೊಡ್ಡದಾಗಿ ಪಕ್ಕದಲ್ಲೇ ಬರೆದಿದ್ದಳು. “ಇದನ್ನ ಇಪ್ಪತ್ತೈದು ಅಂತ ಓದ್ಬೇಕೇನೇ?” ಎಂದು ಗದರಿದೆ. ಪೆಚ್ಚಾಗಿ ಹೋಗಿ ಕೂತಳು.

ಇವತ್ತು ಮೂವತ್ತೊಂದು.

“ಇದು ಒಡಿಯೋದೇ ಇಲ್ಲ! ಇವತ್ತು ಲೆಕ್ಕ ಇಲ್ಲ!” ಎಂದು ಎಲ್ಲರೂ ಕುಣಿದರು.

“ಯಾರ್ರೋ ಬಂದಿಲ್ಲ?” ಎಂದೆ.

“ರುಕ್ಮಿಣಿ, ಮೇಷ್ಟ್ರೇ,” ಎಂದ ತಿಮ್ಮಪ್ಪ. “ಶರಾವತಿ ಅಣೆಕಟ್ಟಿನ ನೀರಲ್ಲಿ ಅವ್ರ ಗದ್ದೆ ಮುಳುಗ್ತು. ಬೆಳಿಗ್ಗೆ ಸಾಮಾನೆಲ್ಲ ಲಾರಿಗೆ ಹಾಕ್ಕೊಂಡು ಹೋದ್ರು. ಇನ್ನು ಬರಲ್ಲ ಅವಳು.”

ಚಪ್ಪಾಳೆ ನಿಂತಿತು. ನಿನ್ನೆ ಒಂದು ಶಭಾಸ್ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ತಿಮ್ಮಪ್ಪ ನನ್ನ ಮುಖ ನೋಡಿ ಸಮಾಧಾನ ಹೇಳುವವನಂತೆ ಅಂದ: “ನಾಳೆ ಮೂವತ್ತಾಗ್ತದೆ ಮೇಷ್ಟ್ರೇ. ಎರಡು, ಮೂರು, ಐದು. ಸುಲಭ.”

“ನಾಳೆ ಯಾರು ಬರಲ್ವೋ?”

“ನಾನೇ. ನಮ್ಮನೇರೂ ಹೊರಡ್ತಾ ಇದ್ದಾರೆ.”

ಅವನ ಲೆಕ್ಕದಲ್ಲಿ ತಪ್ಪಿಲ್ಲ. ಚೆನ್ನಾಗಿಯೇ ಕಲಿಸಿದ್ದೇನೆ ನೋಡಿ.