ಅಪ್ಪನ ಕೋಟು

ಅಪ್ಪನ ಸಮಾಧಿ ಕಲ್ಲಿಗೆ ಕೂರಿಸಲೆಂದು ಅಣ್ಣ ಮಾಡಿಸಿಕೊಂಡು ಬಂದ ಪಿಂಗಾಣಿ ಫೋಟೋ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಮೈಮೇಲೆ ಕರಿ ಕೋಟು, ಕೊರಳಲ್ಲಿ ಕೆಂಪು ಟೈ. ಮುಖವೊಂದು ಅಪ್ಪನದು, ಅದರ ಕೆಳಗಿನದೆಲ್ಲ ಸ್ಟುಡಿಯೋದವನ ಕಂಪ್ಯೂಟರಿನದು. ಸೊಪ್ಪಿನ ಹೊರೆ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದಿತ್ತಲ್ಲ, ಅಲ್ಲಿಗೂ ಕರಿ ಬಣ್ಣ ತುಂಬಿ ನುಣ್ಣಗೆ ಬಾಚಿಬಿಟ್ಟಿದ್ದ.

"ಯಾರಿದು?" ಎಂದು ಅಣ್ಣನನ್ನು ಕೇಳಿದೆ.

"ಶುರುವಾಯ್ತಾ ನಿಂದು? ಚೆನ್ನಾಗೇ ಬಂದಿದೆಯಲ್ಲ."

"ಅಪ್ಪ ಬದುಕಿದ್ದಾಗ ಒಂದಿನ ಆದ್ರೂ ಕೋಟು ಹಾಕಿತ್ತಾ? ಬಿಲ್ಡಿಂಗ್ ಎದ್ದ ಮೇಲೆ ನಿಂಗೆ ರೈತನ ಮಗ ಅನ್ನಿಸ್ಕೊಳ್ಳೋಕೆ ನಾಚ್ಕೆ. ಅದಕ್ಕೇ ಸತ್ತೋರಿಗೂ ವೇಷ ಹಾಕ್ಸಿದ್ದೀಯ."

"ಅಮ್ಮ ಕೊಟ್ಟ ಫೋಟೋ ಕಣೇ ಅದು. ಮಾಡಿಸ್ಕೊಂಡು ಬಾ ಅಂತು, ಮಾಡಿಸ್ಕೊಂಡು ಬಂದೆ" ಅಂದ. ನಾನು ನಂಬಲಿಲ್ಲ. ಇನ್ನೂ ನಾಲ್ಕು ಮಾತು ಅಂದೆ, ಅವನೂ ಬಿಡಲಿಲ್ಲ. ಮಹಡಿಯ ಬಾಡಿಗೆ ಹುಡುಗರು ಬಗ್ಗಿ ನೋಡುವಷ್ಟು ಗಲಾಟೆಯಾಯಿತು.

ನಮ್ಮದು ಜೆ.ಪಿ. ನಗರದ ಅಂಚಿನ ಹಳೇ ಊರು, ಪುಟ್ಟೇನಹಳ್ಳಿ ಕೆರೆಗೆ ನಡೆದೇ ಹೋಗಬಹುದು. ಅಕ್ಕಪಕ್ಕದವರೆಲ್ಲ ಹೊಲದಲ್ಲಿ ಕಟ್ಟಡ ಎಬ್ಬಿಸಿ ಬಾಡಿಗೆಯಲ್ಲಿ ಕಾಲು ಚಾಚಿ ಕೂತರು. ನಾವೂ ಕಟ್ಟಿಸಿದೆವು. ಆದರೆ ಮನೆಯ ಹಿಂದಿನ ತುಂಡು ನೆಲವನ್ನು ಅಪ್ಪ ಯಾರು ಹೇಳಿದರೂ ಬಿಡಲಿಲ್ಲ. ಹುಬ್ಬಳ್ಳಿ ಕಡೆಯ ಹುಡುಗರ ಪ್ಯಾಂಟು, ಬನಿಯನ್ನು ಒಣಗುವ ಬಾಲ್ಕನಿಗಳ ಕೆಳಗೇ ದಂಟು, ಸಬ್ಬಸಿಗೆ, ಕೊತ್ತಂಬರಿ ಬೆಳೆದ. ಚರ್ಚಿನ ಬೆಳಗಿನ ಪೂಜೆಗೆ ಮುಂಚೆ ಮಡಿಗಳಿಗೆ ನೀರು ಬಿಡುತ್ತಿದ್ದ, ಪೂಜೆಯಿಂದ ಬಂದು ಕಳೆ ಕೀಳುತ್ತಿದ್ದ. ಭಾನುವಾರ ಮಾತ್ರ ಕುಡುಗೋಲು ಮುಟ್ಟುತ್ತಿರಲಿಲ್ಲ. ಅವತ್ತು ಕೊಳ್ಳುವವರು ಮನೆ ಬಾಗಿಲಿಗೆ ಬಂದರೂ, "ನಾಳೆ ಬನ್ನಿ, ಇವತ್ತು ಸೊಪ್ಪಿಗೂ ರಜಾ" ಎಂದು ಕಳಿಸಿಬಿಡುತ್ತಿದ್ದ.

ಹಾಗಂತ ಅಪ್ಪನನ್ನು ಸಂತನ ಪೀಠಕ್ಕೆ ಏರಿಸುತ್ತಿಲ್ಲ. ಮೂಗಿನ ತುದಿಯಲ್ಲೇ ಕೋಪ. ಸಂಜೆ ಜಪಸರ ಹೇಳುವಾಗ ಯಾರಾದರೂ ತೂಕಡಿಸಿದರೆ ತಲೆಗೆ ಮೊಟಕುತ್ತಿದ್ದ. ಪಕ್ಕದ ಮನೆಯ ಹಸು ಕೊತ್ತಂಬರಿಗೆ ಬಾಯಿ ಹಾಕಿದರೆ ಪ್ರಾರ್ಥನೆಯನ್ನು ಅರ್ಧಕ್ಕೇ ಬಿಟ್ಟು ಓಡಿ, ಹಸುವಿನ ಜೊತೆಗೆ ಅದರ ಯಜಮಾನನ ಜನ್ಮವನ್ನೂ ಜಾಲಾಡಿ, ವಾಪಸು ಬಂದು ಮೊಣಕಾಲೂರಿ, ಬಿಟ್ಟ ಮಣಿಯಿಂದಲೇ ಮುಂದುವರಿಸುತ್ತಿದ್ದ. ನಾವು ನಗು ತಡೆಯಲಾರದೆ ಮತ್ತೆ ಮೊಟಕಿಸಿಕೊಳ್ಳುತ್ತಿದ್ದೆವು.

ಬೀದಿಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಮಾತ್ರ ಚಾಪೆ ಸುತ್ತಿಕೊಂಡು ಮೊದಲು ಹೊರಡುವವನು ಅವನೇ. ಸಾವಿನ ಮನೆಗೆ ನಮ್ಮ ಮನೆಯಿಂದ ಗಂಜಿ ಹೋಗುತ್ತಿತ್ತು. ಗುಂಡಿ ತೋಡಲು ಆಳು ಸಿಗದಿದ್ದರೆ ಅಪ್ಪ ಗುದ್ದಲಿ ಹಿಡಿಯುತ್ತಿದ್ದ. ಸೆಪ್ಟೆಂಬರಿನಲ್ಲಿ ಚರ್ಚಿನ ಮಾತೆಯ ಹಬ್ಬದ ಊಟಕ್ಕೆ ಬೇಕಾದ ಸೊಪ್ಪೆಲ್ಲ ನಮ್ಮ ಹಿತ್ತಲದ್ದು, ಅದನ್ನು ಹೊತ್ತುಕೊಂಡು ಹೋಗಿ ಹಾಕಿ, ಕೊನೆಯ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ. ಇಂಥವನಿಗೆ ಕೋಟು.

ಅಮ್ಮ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಅಣ್ಣನ ಮೇಲೆ ಚಾಡಿ ಹೇಳಲು ಹೋದವಳಿಗೆ ಅವಳು ತಲೆ ಎತ್ತದೆ ಹೇಳಿದಳು: "ಅವನನ್ನ ಬೈಬೇಡ. ಆ ಫೋಟೋನ ನಿಮ್ಮಪ್ಪನೇ ತೆಗೆಸ್ಕೊಂಡು ಬಂದಿದ್ದು."

ಅಪ್ಪ ಸಾಯುವುದಕ್ಕೆ ಹಿಂದಿನ ವರ್ಷ ನಮ್ಮ ಬೀದಿಗಳ ಕ್ರೈಸ್ತರೆಲ್ಲ ಸೇರಿ ಅವನನ್ನು ವಲಯದ ಮುಖಂಡನನ್ನಾಗಿ ಆರಿಸಿದ್ದರು. ಎಲ್ಲ ವಲಯಗಳ ಮುಖಂಡರ ಫೋಟೋ ಇರುವ ಬೋರ್ಡೊಂದನ್ನು ಚರ್ಚಿನ ಬಾಗಿಲಲ್ಲಿ ಹಾಕುವುದೆಂದು ತೀರ್ಮಾನವಾಗಿತ್ತು. ಅಪ್ಪ ಕೊಟ್ಟಿದ್ದು ನಾನೇ ಮೊಬೈಲಿನಲ್ಲಿ ತೆಗೆದ ಫೋಟೋ: ಮಡಿಯ ಪಕ್ಕ ನಿಂತಿದ್ದಾನೆ, ಹೆಗಲ ಮೇಲೆ ಟವೆಲ್ಲು, ಬಾಯ್ತುಂಬ ನಗು. ಚರ್ಚಿನ ಸಮಿತಿಯ ಕಾರ್ಯದರ್ಶಿ ಅದನ್ನು ವಾಪಸು ಕೊಟ್ಟರಂತೆ.

"ಅಂಕಲ್, ಎಲ್ಲರದೂ ಫಾರ್ಮಲ್ ಆಗಿದೆ. ನಿಮ್ಮದೊಂದು ಹೀಗಿದ್ರೆ ಚೆನ್ನಾಗಿ ಕಾಣಲ್ಲ. ಸ್ವಲ್ಪ ನೀಟಾಗಿರೋದು ಕೊಡಿ" ಅಂದರಂತೆ.

ಅಪ್ಪ ಮಕ್ಕಳಿಗೆ ಹೇಳದೆ ಒಬ್ಬನೇ ಬಸ್ಸು ಹತ್ತಿ ಬನಶಂಕರಿಗೆ ಹೋಗಿ, ಸ್ಟುಡಿಯೋದವನನ್ನು ಕೇಳಿ ಈ ಕೋಟು ಹಾಕಿಸಿಕೊಂಡು ಬಂದಿದ್ದ. ಅಷ್ಟರಲ್ಲಿ ಬೋರ್ಡು ಹಾಕಿ ಆಗಿತ್ತು. ಅಪ್ಪನ ಹೆಸರಿನ ಮೇಲೆ ಖಾಲಿ ಚೌಕ. "ಪ್ರಿಂಟ್ ಆಗೋಯ್ತಲ್ಲ ಅಂಕಲ್, ಮುಂದಿನ ಸಲ ನೋಡೋಣ" ಅಂದರಂತೆ. ಆ ಖಾಲಿ ಚೌಕವನ್ನು ನಾವೆಲ್ಲರೂ ನೋಡಿದ್ದೆವು. ಕೇಳಿದ್ದಕ್ಕೆ ಅಪ್ಪ, "ಫೋಟೋ ಕೊಡೋಕೆ ಮರ್ತೋದೆ" ಅಂದಿದ್ದ.

"ಪೆಟ್ಟಿಗೇಲಿ ಇಟ್ಬಿಟ್ರು" ಅಂದಳು ಅಮ್ಮ. "ನಾನು ಹೋದ್ಮೇಲೆ ಇದನ್ನೇ ಹಾಕ್ರಿ, ಆಗ್ಲಾದ್ರೂ ಚರ್ಚಿನೋರು ನೋಡ್ಲಿ ಅಂದ್ರು."

ಅಣ್ಣ ನನ್ನ ಸಿಟ್ಟಿನಿಂದ ಪಾರಾದ. ಸಿಟ್ಟು ಮಾತ್ರ ಇಳಿಯಲಿಲ್ಲ. ಅಪ್ಪನ ಸೊಪ್ಪನ್ನು ತಿನ್ನುವಾಗ ಇವರಿಗೆ ನೀಟು ಬೇಕಿರಲಿಲ್ಲ. ತಮ್ಮವರಿಗೆ ಗುಂಡಿ ತೋಡಿಸಿಕೊಳ್ಳುವಾಗ ಫಾರ್ಮಲ್ ಬೇಕಿರಲಿಲ್ಲ. ಗೋಡೆಗೆ ಹಾಕುವಾಗ ಬೇಕಾಯಿತು. ಬಡಗಿಯ ಮನೆಯಲ್ಲಿ ಬೆಳೆದ ದೇವರ ಮುಂದೆ ಮೊಣಕಾಲೂರುವ ಜನ, ರೈತನ ಟವೆಲ್ಲು ನೋಡಿ ಮೂಗು ಮುರಿದರು. ಸತ್ತ ಅಪ್ಪನ ಮೇಲೂ ನನಗೆ ಕೋಪ ಬಂತು. ಹಸುವಿನ ಯಜಮಾನನನ್ನು ಬೀದಿಯಲ್ಲಿ ನಿಲ್ಲಿಸಿ ಬೈಯುತ್ತಿದ್ದ ಬಾಯಿಗೆ ಅವತ್ತು ಏನಾಗಿತ್ತು? "ಇದೇ ನನ್ನ ಮುಖ, ಬೇಕಾದ್ರೆ ಹಾಕ್ರಿ" ಅನ್ನಬಾರದಿತ್ತೇ? ಅನ್ನಲಿಲ್ಲ. ಬಸ್ಸು ಹತ್ತಿದ.

ಕೊನೆಯ ಮಾತೆಂದು ಹೇಳಿ ಹೋದದ್ದನ್ನು ಮೀರಲಾಗಲಿಲ್ಲ. ಕೋಟಿನ ಅಪ್ಪ ಕಲ್ಲಿಗೆ ಹತ್ತಿದ.

ನವೆಂಬರಿನ ಮೃತರ ದಿನ ಸಮಾಧಿಗಳಿಗೆಲ್ಲ ಸುಣ್ಣ, ಸೇವಂತಿಗೆ, ಮೇಣದ ಬತ್ತಿ. ಫಾದರ್ ಒಂದೊಂದು ಸಮಾಧಿಗೂ ಪವಿತ್ರ ಜಲ ಚಿಮುಕಿಸುತ್ತಾ ಬಂದರು. ಅವರ ಹಿಂದೆಯೇ ಆ ಕಾರ್ಯದರ್ಶಿ. ಫಾದರ್ ಮುಂದಿನ ಸಮಾಧಿಗೆ ಹೋದರು, ಕಾರ್ಯದರ್ಶಿ ಮಾತ್ರ ನಮ್ಮ ಹತ್ತಿರ ನಿಂತು ಫೋಟೋಗೆ ಬಗ್ಗಿದರು.

"ಅಂಕಲ್ ಎಷ್ಟು ನೀಟಾಗಿ ಕಾಣ್ತಿದ್ದಾರೆ! ದೇವರಂಥ ಮನುಷ್ಯ. ಚರ್ಚಿಗೋಸ್ಕರ ಜೀವನಾನೇ ಕೊಟ್ಟುಬಿಟ್ರು" ಅಂದರು.

ನಾನು ಎಷ್ಟೋ ದಿನದಿಂದ ಕೂಡಿಟ್ಟುಕೊಂಡಿದ್ದ ಮಾತೆಲ್ಲ ಬಾಯಿಗೆ ಬಂತು. ಅಣ್ಣ ನನ್ನ ರಟ್ಟೆ ಹಿಡಿದ. ನಾನು ಕೊಸರಿಕೊಳ್ಳುವಷ್ಟರಲ್ಲಿ ಅಮ್ಮ ಮೇಲೆದ್ದಳು. ಸೆರಗಿನಿಂದ ಫೋಟೋದ ಮೇಲಿನ ನೀರು ಒರೆಸಿದಳು. ಅವಳ ಮುಖ ಅರಳಿತ್ತು, ಕಣ್ಣಲ್ಲಿ ಆಸೆಯಿತ್ತು, ನಿಜವಾದ ಆಸೆ. ಕಾರ್ಯದರ್ಶಿಯ ಮುಂದೆ ಕೈ ಜೋಡಿಸಿ ಕೇಳಿದಳು:

"ಹಂಗಾದ್ರೆ ಈ ಫೋಟೋ ಬೋರ್ಡಿಗೆ ಆಗುತ್ತಾ ಸಾರ್?"

"ಯಾವ ಬೋರ್ಡು ಆಂಟಿ?" ಅಂದರು ಅವರು.