ಸಾಲದ ಮನೆಯವಳ ಓಟ

ಗೆಳತಿಯರೇ, ಇವತ್ತು ಬೆಳಿಗ್ಗೆ ಇಚಲಕರಂಜಿಯ ನಮ್ಮ ಬೀದಿಯಲ್ಲೇ ಭಾವನವರು, ಅಂದರೆ ಗಂಡನ ಅಣ್ಣ, ನನ್ನ ಓಟಕ್ಕೆ ಬೈಕ್ ಅಡ್ಡ ಹಾಕಿದರು. ಗಂಡನ ವಿದ್ಯುತ್ ಮಗ್ಗಗಳು ನಿಂತುಹೋದಾಗ ನಮಗೆ ಸಾಲ ಕೊಟ್ಟವರು ಅವರೇ. ಅವರ ಕಣ್ಣು ನನ್ನ ಕಾಲಿನ ಮೇಲಿತ್ತು.

"ಹೊಸಾ ಬೂಟೇನವಾ? ನಾವು ಸಾಲದ ಹಪ್ತಾ ಕೇಳಿದಾಗ ಮಾತ್ರ ರೊಕ್ಕ ಇಲ್ಲಂತೀರಿ."

"ನನ್ನ ತಂಗಿ ಹಾಕ್ಕೊಂಡು ಬಿಟ್ಟ ಹಳೇವು ರೀ. ನನಗ ಶುಗರ್ ಐತಿ, ಡಾಕ್ಟರ್ ಓಡು ಅಂದಾರ."

"ಓಡವಾ, ಓಡು. ನಾ ಏನೂ ಅನ್ನಂಗಿಲ್ಲ," ಎಂದು ನಕ್ಕು ಹೊರಟರು.

ನಾನು ಮನೆ ತಲುಪುವಷ್ಟರಲ್ಲಿ ಅತ್ತೆಗೆ ಅವರ ಫೋನು ಬಂದಾಗಿತ್ತು. ಬಾಗಿಲಲ್ಲೇ ನಿಂತು ಮರಾಠಿ ಬೆರೆಸಿ ಗದರಿದರು. "ಲೋಕ ಕಾಯ್ ಮ್ಹಣತೀಲ್? ಸಾಲ ಇದ್ದ ಮನಿ ಸೊಸಿ ಹಿಂಗ ಬೂಟ್ ಹಾಕ್ಕೊಂಡು ತಿರಗಿದ್ರ ಮಂದಿ ಏನಂದಾರು?"

ನಾನು ಗಂಡನ ಮುಖ ನೋಡಿದೆ. ಪ್ರತಿ ತಿಂಗಳ ಕಂತಿನಲ್ಲಿ ಅರ್ಧ ನನ್ನ ಹೊಲಿಗೆಯ ದುಡ್ಡು ಎಂಬುದು ಅವರಿಗೆ ಗೊತ್ತು. ದಿನದಲ್ಲಿ ನನ್ನದು ಅಂತ ಇರುವುದು ಆ ಓಟದ ಹೊತ್ತು ಮಾತ್ರ ಎಂಬುದೂ ಗೊತ್ತು. ಅಷ್ಟನ್ನು ತಾಯಿಗೆ ಹೇಳಿದ್ದರೆ ಸಾಕಿತ್ತು. ಅವರು ಚಹಾದ ಕಪ್ಪಿನೊಳಗೆ ನೋಡುತ್ತಾ, "ಸಾಲ ತೀರೂತನಕಾ ಓಡೂದು ಬಿಡು. ಅಣ್ಣಗ ಸುಮ್ನ ಯಾಕ ಸಿಟ್ಟ ಬರಸೂದು?" ಎಂದರು.

ನಾನು ಮಕ್ಕಳ ಡಬ್ಬಿ ಕಟ್ಟಿದೆ. ಆಮೇಲೆ ಎಂದಿನಂತೆ ಹೊಲಿಗೆಗೆ ಕೂತೆ, ಕಂತು ಕಟ್ಟಬೇಕಲ್ಲ.

ನಾಳೆಯಿಂದ ದಾರಿ ಬದಲಿಸುತ್ತೇನೆ. ಭಾವನವರ ಮನೆ ಮುಂದಿನಿಂದಲೇ ಓಡುತ್ತೇನೆ. ಪಾಪ, ದುಡ್ಡು ಕೊಟ್ಟವರು ನನ್ನ ಕಾಲು ನೋಡಲು ಅಷ್ಟು ದೂರ ಪೆಟ್ರೋಲ್ ಸುಟ್ಟುಕೊಂಡು ಬರುವುದು ಬೇಡ.