ಹಾಜರಿ ಪುಸ್ತಕದ ಹದಿಮೂರನೆಯ ಸಾಲು

1993ರ ಒಂದು ಶುಕ್ರವಾರ ಮಧ್ಯಾಹ್ನ, ಬಹರೈನಿನ ಹೂರಾದಲ್ಲಿ, ನಾನು ಕುರ್ಚಿಯಿಂದ ಎದ್ದು ನಿಂತು "ಅದು ನಾನು" ಎಂದು ಹೇಳಬೇಕಿತ್ತು. ಅಷ್ಟೇ ಸಾಕಿತ್ತು. ನಾನು ಹೇಳಲಿಲ್ಲ. ಅದರಿಂದ ನನ್ನ ಅಕ್ಕ ನಡೆಸುತ್ತಿದ್ದ ಕನ್ನಡ ಕ್ಲಾಸು ಮುಚ್ಚಿತು. ಅದಕ್ಕಿಂತ ಹೆಚ್ಚಾಗಿ, ಹುಟ್ಟಿದಂದಿನಿಂದ ಒಂದು ಸುಳ್ಳೂ ಹೇಳದ ಅವಳು ಊರವರ ಮುಂದೆ ಸುಳ್ಳುಗಾತಿ ಎನಿಸಿಕೊಂಡಳು.

ನಾನು ಓದಿದವನಲ್ಲ. ಎರಡನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿದ್ದಕ್ಕೆ ಮಾಸ್ಟ್ರು ಹೊಡೆದರು. ಮರುದಿನದಿಂದ ಶಾಲೆಗೆಂದು ಹೊರಟು ಮಲ್ಪೆಯ ದಕ್ಕೆಗೆ ಹೋಗಿ ದೋಣಿಗಳನ್ನು ನೋಡುತ್ತ ಕೂರುತ್ತಿದ್ದೆ. ಅಮ್ಮ ಬೈದರು, ಅಕ್ಕ ಕೈಹಿಡಿದು ಶಾಲೆಯ ಗೇಟಿನವರೆಗೆ ಎಳೆದುಕೊಂಡು ಹೋದಳು. ಅವಳು ತಿರುಗಿದ ಕೂಡಲೇ ನಾನು ಹಿತ್ತಲ ಬೇಲಿ ಹಾರುತ್ತಿದ್ದೆ. ಮೀನಿನ ಲಾರಿಯಲ್ಲಿ ಕ್ಲೀನರ್ ಆದೆ, ಮತ್ತೆ ಡ್ರೈವರ್ ಆದೆ. ಅಕ್ಕ ವಾರಿಜ ನನಗಿಂತ ಆರು ವರ್ಷ ದೊಡ್ಡವಳು. ಟೀಚರ್ ಟ್ರೈನಿಂಗ್ ಮುಗಿಸಿದ ವರ್ಷವೇ ಮದುವೆಯಾಗಿ ಬಹರೈನಿಗೆ ಹೋದಳು. ಬಾವ ಮನಾಮದ ಒಂದು ಆಫೀಸಿನಲ್ಲಿ ಗುಮಾಸ್ತರು. ಕುವೈತಿನ ಯುದ್ಧ ಮುಗಿದ ಮೇಲೆ ನನಗೂ ಅವರೇ ವೀಸಾ ಮಾಡಿಸಿದರು.

ಕೆಲಸ ಕೊಟ್ಟವರು ಸದಾನಂದಣ್ಣ. ನಮ್ಮ ಕಡೆಯವರೇ. ಅಲ್ಲಿ ಚಿಲ್ಲರೆ ಅಂಗಡಿಗೆ ಕೋಲ್ಡ್ ಸ್ಟೋರ್ ಎನ್ನುತ್ತಾರೆ. ಅಂಥ ಅಂಗಡಿಗಳಿಗೆ ಹಾಲಿನ ಪುಡಿ, ಬೇಳೆ, ಬಿಸ್ಕೆಟ್ ಒದಗಿಸುವ ವ್ಯಾಪಾರ ಅವರದು. ನಾನು ಅವರ ಪಿಕಪ್ ಓಡಿಸುತ್ತಿದ್ದೆ, ಒಂದು ದಿನ ಹಿದ್ ಕಡೆಗೆ, ಮರುದಿನ ಅವಾಲಿಯ ಕಡೆಗೆ. ನನಗೆ ಕೆಲಸ ಸಿಗಲಿ ಎಂದು ಬಾವ ಅವರಲ್ಲಿ ಒಂದು ಮಾತು ಹೇಳಿಬಿಟ್ಟಿದ್ದರು: ಹುಡುಗ ಏಳನೇ ಕ್ಲಾಸ್ ಪಾಸು, ಕನ್ನಡ ಓದಲು ಬರೆಯಲು ತೊಂದರೆಯಿಲ್ಲ.

ತೊಂದರೆ ಮೊದಲ ದಿನವೇ ಬಂತು. ಯಾವ ಅಂಗಡಿಗೆ ಏನು ಇಳಿಸಬೇಕು ಎಂದು ಸದಾನಂದಣ್ಣ ಕನ್ನಡದಲ್ಲಿ ಚೀಟಿ ಬರೆದು ಕೊಡುತ್ತಿದ್ದರು. ನಾನು ಬೋನೆಟ್ ತೆರೆದು ಎಂಜಿನಿಗೆ ಕೈ ಹಾಕಿ, "ಕೈಯೆಲ್ಲ ಗ್ರೀಸ್ ಸದಾನಂದಣ್ಣ, ಒಮ್ಮೆ ಬಾಯಲ್ಲಿ ಹೇಳಿಬಿಡಿ" ಎನ್ನುತ್ತಿದ್ದೆ. ಅವರು ಹೇಳಿದ್ದನ್ನು ನೆನಪಿಟ್ಟುಕೊಳ್ಳುತ್ತಿದ್ದೆ. ದಿನವೂ ಬೆಳಿಗ್ಗೆ ಕೈಗೆ ಗ್ರೀಸ್ ಮಾಡಿಕೊಳ್ಳುವುದೇ ನನಗೊಂದು ಕೆಲಸವಾಯಿತು.

ಅಮ್ಮ ಯಾರಿಂದಲೋ ಬರೆಸಿದ ಪತ್ರಗಳನ್ನು ಅಕ್ಕನೇ ನನಗೆ ಓದಿ ಹೇಳುತ್ತಿದ್ದಳು. ಒಂದು ದಿನ ಅರ್ಧ ಓದಿ ಮಡಚಿಟ್ಟಳು. "ಇಪ್ಪತ್ತಾರು ವರ್ಷ ಆಯ್ತು ನಿನಗೆ. ಅಮ್ಮ ನಿನಗೆ ಗುಟ್ಟಿನಲ್ಲಿ ಎಂತಾದ್ರೂ ಹೇಳ್ಬೇಕಿದ್ರೂ ನಾನೇ ಓದ್ಬೇಕಾ ಲೋಕು?" ಎಂದಳು. ಆಗ ಅವಳು ಶುಕ್ರವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಅದು ನಮ್ಮ ಕಡೆಯವರ ಸಣ್ಣ ಸಂಘ. ಹೂರಾದಲ್ಲಿ ಒಂದು ಟೈಲರ್ ಅಂಗಡಿಯ ಮೇಲೆ ಬಾಡಿಗೆಗೆ ಹಿಡಿದ ಕೋಣೆ. ಅವಳು ಸಂಬಳ ತೆಗೆದುಕೊಳ್ಳುತ್ತಿರಲಿಲ್ಲ. ಮಕ್ಕಳ ಮಧ್ಯೆ ಕೂರಲು ನಾಚಿಕೆಯಾಗುತ್ತದೆ ಎಂದೆ. "ಹಿಂದಿನ ಬೆಂಚಿನಲ್ಲಿ ಪೇಪರ್ ಹಿಡ್ಕೊಂಡು ಕೂತ್ಕೋ. ಅಕ್ಕನನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದ ಡ್ರೈವರ್ ಅಂತ ತಿಳ್ಕೊಳ್ತಾರೆ" ಎಂದಳು.

ಹಾಗೇ ಆಯಿತು. ಊರಿನಿಂದ ವಾರ ಕಳೆದು ಬರುತ್ತಿದ್ದ ಪೇಪರನ್ನು ಮುಖಕ್ಕೆ ಹಿಡಿದು ಕೂರುತ್ತಿದ್ದೆ, ಅದರೊಳಗೆ ಮಕ್ಕಳ ಕಾಪಿ ಪುಸ್ತಕ. ಕಾಗುಣಿತ ಹೇಳಿಕೊಡುವಾಗ ಅಕ್ಕ ಮಾತಾಡುತ್ತ ಮಾತಾಡುತ್ತ ಹಿಂದೆ ಬಂದು, ನನ್ನ ಬೆಂಚಿನ ಪಕ್ಕ ನಿಂತು ನಿಧಾನವಾಗಿ ಹೇಳುತ್ತಿದ್ದಳು. ಹಾಜರಿ ಕರೆಯುವಾಗ ಪ್ರತಿಯೊಂದು ಮಗುವೂ ಎದ್ದು ನಿಂತು "ಬಂದಿದ್ದೇನೆ ಟೀಚರ್" ಎನ್ನಬೇಕು. ಹನ್ನೆರಡು ಹೆಸರು ಮುಗಿದ ಮೇಲೆ ಅವಳು ಪೆನ್ನನ್ನು ಹದಿಮೂರನೆಯ ಸಾಲಿನ ಮೇಲೆ ಹಿಡಿದು ಸುಮ್ಮನೆ ಕಾಯುತ್ತಿದ್ದಳು. ಆ ಸಾಲಿನಲ್ಲಿ ಹೆಸರಿರಲಿಲ್ಲ. ನಾನು ಪೇಪರಿನ ಹಿಂದೆ ಒಮ್ಮೆ ಕೆಮ್ಮುತ್ತಿದ್ದೆ, ಅವಳು ಗುರುತು ಹಾಕುತ್ತಿದ್ದಳು. ಟೀಚರ್ ತಮ್ಮನಿಗೆ ವರ್ಷವಿಡೀ ಕೆಮ್ಮು ಎಂದು ಮರುಕಪಟ್ಟು ಒಂದು ಮಗು ನನಗೆ ಶುಂಠಿ ಪೆಪ್ಪರ್‌ಮಿಂಟ್ ತಂದುಕೊಟ್ಟಿತ್ತು.

ಎಂಟು ತಿಂಗಳಲ್ಲಿ ನಾನು ಅಮ್ಮನ ಪತ್ರವನ್ನು ಒಬ್ಬನೇ ಓದಿದೆ. ಅದರಲ್ಲಿ ಗುಟ್ಟೇನೂ ಇರಲಿಲ್ಲ. ದನ ಕರು ಹಾಕಿತು ಎಂದಿತ್ತು. ಪಿಕಪ್ಪಿನಲ್ಲಿ ಕೂತು ನಾಲ್ಕು ಸಲ ಓದಿದೆ. ಕೈಗೆ ಗ್ರೀಸ್ ಮಾಡಿಕೊಳ್ಳುವುದನ್ನೂ ನಿಲ್ಲಿಸಿದೆ.

ಆ ವರ್ಷ ಸಂಘಕ್ಕೆ ಕಷ್ಟ ಬಂತು. ಯುದ್ಧದ ಹೊತ್ತಿಗೆ ಊರಿಗೆ ಹೋದ ಎಷ್ಟೋ ಸಂಸಾರಗಳು ಮತ್ತೆ ಬರಲಿಲ್ಲ. ಸದಸ್ಯರು ಕಡಿಮೆಯಾದರು, ಖರ್ಚು ಇಳಿಸಬೇಕಾಯಿತು. ಸಮಿತಿಯವರು ಬಜೆಟಿನಿಂದ ಕನ್ನಡ ಕ್ಲಾಸನ್ನು ತೆಗೆದುಹಾಕಿ ವಾರ್ಷಿಕೋತ್ಸವದ ಯಕ್ಷಗಾನವನ್ನು ಉಳಿಸಿಕೊಂಡರು. ನಮ್ಮ ಅಧ್ಯಕ್ಷರು ಮೈಸೂರಿನವರು, ಅವಾಲಿಯಲ್ಲಿ ಇಂಜಿನಿಯರ್. ಇದಕ್ಕೆ ನಾನು ಸಹಿ ಹಾಕುವುದಿಲ್ಲ ಎಂದು ಕಾಗದವನ್ನು ಹಿಂದಕ್ಕೆ ಕಳಿಸಿದರು. ಸಂಘದ ನಿಯಮ ಬರೆದವರು ಯಾರೋ ವಕೀಲರು. ಅಧ್ಯಕ್ಷರು ಹೀಗೆ ತಡೆದರೆ ವಿಶೇಷ ಸಭೆ ಕರೆಯಬೇಕು. ಬಂದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಕೈ ಎತ್ತಿದರೆ ಅಧ್ಯಕ್ಷರ ತಡೆ ಬಿದ್ದುಹೋಗುತ್ತದೆ. ಇಲ್ಲವಾದರೆ ಅವರ ಮಾತೇ ನಿಲ್ಲುತ್ತದೆ. ಆ ಶುಕ್ರವಾರ ಸಭೆಗೆಂದು ಮೆಟ್ಟಿಲು ಹತ್ತುವಾಗ ಯಾರೋ, "ನಮ್ಮದು ಸಂಘ ಅಲ್ಲ ಮಾರಾಯ, ವಿಧಾನಸಭೆ. ಅಧಿವೇಶನದಲ್ಲಿ ಗೋಳಿಬಜೆ ಉಂಟಾ ಅಂತ ಮೊದಲು ಕೇಳು" ಎಂದು ನಗಿಸುತ್ತಿದ್ದರು. ಗೋಳಿಬಜೆ ಇತ್ತು. ಅದನ್ನು ಕರಿದು ತಂದದ್ದೂ ಅಕ್ಕನೇ.

ಕ್ಲಾಸನ್ನು ತೆಗೆಯಬೇಕು ಎಂದು ಮಾತಾಡಲು ಎದ್ದವರು ಸದಾನಂದಣ್ಣ. ನಾನು ಅವರ ಪಕ್ಕದ ಕುರ್ಚಿಯಲ್ಲಿದ್ದೆ. ಅವರು ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಗಂಜಿ ಮಾಡಿಸಿ ಕಳಿಸಿದವರು. ಮಕ್ಕಳು ಕ್ಲಾಸಿನೊಳಗೆ ಕನ್ನಡ, ಬಾಗಿಲು ದಾಟಿದರೆ ಇಂಗ್ಲಿಷ್ ಮಾತಾಡುತ್ತವೆ, ಯಕ್ಷಗಾನದ ಆಟ ನೋಡಲಾದರೆ ಇಡೀ ಬಹರೈನಿನ ನಮ್ಮವರು ಒಂದೆಡೆ ಸೇರುತ್ತಾರೆ ಎಂದು ಹೇಳಿ ಕುಳಿತರು. ಅದರಲ್ಲೂ ಸುಳ್ಳಿರಲಿಲ್ಲ.

ಆಮೇಲೆ ಕಾರ್ಯದರ್ಶಿ ಅಕ್ಕನ ಹಾಜರಿ ಪುಸ್ತಕವನ್ನು ಎತ್ತಿ ತೋರಿಸಿದರು. ಹದಿಮೂರು ಜನ ಕಲಿಯುತ್ತಾರೆ ಎಂದು ಟೀಚರ್ ವರದಿ ಕೊಟ್ಟಿದ್ದಾರೆ, ಪುಸ್ತಕದಲ್ಲಿ ಹೆಸರು ಹನ್ನೆರಡೇ ಇದೆ ಎಂದರು. "ಹದಿಮೂರನೇದು ಎಂತ ವಾರಿಜಕ್ಕ, ಭೂತ ಬಂದು ಕಲ್ತು ಹೋಗ್ತದಾ?" ಎಂದಾಗ ಎಲ್ಲರೂ ನಕ್ಕರು. ಕ್ಲಾಸು ಉಳಿಸಿಕೊಳ್ಳಲು ಲೆಕ್ಕ ಹೆಚ್ಚು ತೋರಿಸಿದ್ದಾಳೆ ಎಂಬ ಗುಸುಗುಸು ಹಿಂದಿನಿಂದ ಕೇಳಿಸಿತು.

ಅಧ್ಯಕ್ಷರು ನಗಲಿಲ್ಲ. "ವಾರಿಜಾ ಅವರೇ, ಯಾರು ಅಂತ ಒಂದ್ಸಲ ಹೇಳ್ಬಿಡಿ. ಇಲ್ಲಿಗೇ ಮುಗಿದುಹೋಗುತ್ತೆ" ಎಂದರು.

ಅಕ್ಕ ಎದ್ದು ನಿಂತಳು. "ಇದ್ದಾರೆ ಸರ್. ಒಂದು ವಾರವೂ ತಪ್ಪಿಸ್ಲಿಲ್ಲ. ಹೆಸರು ಮಾತ್ರ ನಾನು ಹೇಳುದಿಲ್ಲ" ಎಂದಳು.

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಉಳಿದವರೂ ನೋಡುತ್ತಿದ್ದರು, ಅದಕ್ಕೇ ನೋಡಲಿಲ್ಲ. ಗೋಡೆಯ ಗಡಿಯಾರವನ್ನೇ ನೋಡುತ್ತ ನಿಂತಿದ್ದಳು. ಬಾವ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಆ ವಿದ್ಯಾರ್ಥಿಯಾಗಲಿ ಅವರ ಮನೆಯವರಾಗಲಿ ಇಲ್ಲಿದ್ದರೆ ಎದ್ದು ನಿಲ್ಲಲಿ ಎಂದು ಅಧ್ಯಕ್ಷರು ಎರಡು ಸಲ ಕೇಳಿದರು. ನಾನು ಎದ್ದರೆ ಏಳನೇ ಕ್ಲಾಸಿನ ಸುಳ್ಳು ಹೊರಗೆ ಬೀಳುತ್ತದೆ, ಬಾವನ ಮರ್ಯಾದೆ ಹೋಗುತ್ತದೆ, ಸದಾನಂದಣ್ಣ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದೆಲ್ಲ ನನ್ನ ತಲೆಯಲ್ಲಿ ಓಡುತ್ತಿತ್ತು. ಹಾಗೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಬೇರೆ. ಮೀಸೆ ಬಂದ ಮೇಲೆ ಮಕ್ಕಳ ಹಿಂದೆ ಕೂತು ಅ ಆ ಕಲಿತವನು ಎಂದು ನಲವತ್ತು ಜನಕ್ಕೆ ತಿಳಿಯುವುದು ನನಗೆ ಬೇಡವಾಗಿತ್ತು. ಗಂಟಲಿನವರೆಗೆ ಕೆಮ್ಮು ಬಂತು. ನುಂಗಿಬಿಟ್ಟೆ.

ಕ್ಲಾಸು ಬೇಡ ಎನ್ನುವವರು ಕೈ ಎತ್ತಿರಿ ಎಂದಾಗ ಸದಾನಂದಣ್ಣ ಎತ್ತಿದರು, ಅವರ ಪಕ್ಕದಲ್ಲಿ ನನ್ನ ಕೈಯೂ ಎದ್ದಿತು. ಸರಿಯಾಗಿ ಬೇಕಾದಷ್ಟೇ ಕೈಗಳಾದವು. ಒಂದು ಕಡಿಮೆಯಾಗಿದ್ದರೂ ಅಧ್ಯಕ್ಷರ ಮಾತು ನಿಂತು ಕ್ಲಾಸು ಉಳಿಯುತ್ತಿತ್ತು.

ಸಭೆ ಮುಗಿದ ಮೇಲೆ ಕರಿಹಲಗೆಯನ್ನು ಪಿಕಪ್ಪಿಗೆ ಹಾಕಿ ಅಕ್ಕನನ್ನು ಮನೆಗೆ ಬಿಟ್ಟೆ. ದಾರಿಯುದ್ದಕ್ಕೂ ನಾನು ಬೈಗುಳಕ್ಕೆ ಕಾದೆ. ಅವಳು ಖಾಲಿ ಡಬ್ಬ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇಳಿಯುವಾಗ, "ಗೋಳಿಬಜೆ ನಿನಗೆ ಸಿಕ್ತಾ? ಎಲ್ಲ ಖಾಲಿ ಆಗಿದೆ" ಎಂದಳು.

ಆಮೇಲೆ ನಾನು ಅವಳ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ. ಮುಖ ತೋರಿಸಲು ಆಗುತ್ತಿರಲಿಲ್ಲ. ಅವಳು ಬಿಡಲಿಲ್ಲ. ಪ್ರತಿ ಶುಕ್ರವಾರ ಬಾವನ ಕೈಯಲ್ಲಿ ನನ್ನ ರೂಮಿಗೆ ಟಿಫಿನ್ ಕ್ಯಾರಿಯರ್ ಕಳಿಸುತ್ತಿದ್ದಳು. ಮುಚ್ಚಳದಡಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದ ಒಂದು ಚೀಟಿ ಇರುತ್ತಿತ್ತು: "ಮೇಲೆ ಮೀನಿನ ಗಸಿ, ಕೆಳಗೆ ಪಾಯಸ. ಮೊದಲು ಪಾಯಸ ತಿನ್ನಬೇಡ." ಮುಂದಿನ ವಾರದ ಚೀಟಿ ಸ್ವಲ್ಪ ಉದ್ದ, ಅದರ ಮುಂದಿನದು ಇನ್ನೂ ಉದ್ದ. ಒತ್ತಕ್ಷರಗಳು ಬರತೊಡಗಿದವು. ಕೋಣೆಯಿಲ್ಲದೆ, ಕರಿಹಲಗೆಯಿಲ್ಲದೆ ಅವಳು ನನಗೆ ಕ್ಲಾಸು ಮಾಡುತ್ತಿದ್ದಾಳೆ ಎಂದು ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು. ಚೀಟಿಯ ಹಿಂದೆ "ಊಟ ಚನಾಗಿತು" ಎಂದು ಬರೆದು ಕಳಿಸಿದೆ. ಮರುವಾರ ಅದು ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು ವಾಪಸು ಬಂತು. ಎಷ್ಟೋ ಸಲ ಆ ಚೀಟಿಗಳ ಹಿಂದೆ ಕ್ಷಮೆ ಕೇಳಬೇಕೆಂದು "ಅಕ್ಕ" ಎಂದು ಬರೆದಿದ್ದೇನೆ. ಮುಂದಕ್ಕೆ ಪೆನ್ನು ಓಡಲಿಲ್ಲ. ಬರೆಯಲು ಬಾರದ್ದರಿಂದ ಅಲ್ಲ.

ಹೀಗೆ ಐದು ವರ್ಷ ಕಳೆಯಿತು. 1998ರಲ್ಲಿ ಬಾವ ಕೆಲಸ ಬಿಟ್ಟು, ಇಬ್ಬರೂ ಶಾಶ್ವತವಾಗಿ ಊರಿಗೆ ಹೊರಡುವುದೆಂದು ತೀರ್ಮಾನವಾಯಿತು. ಅವರು ಹೊರಡಲು ಹತ್ತು ದಿನ ಇರುವಾಗ, ಗೋಡೌನಿನಲ್ಲಿ ಪೆಟ್ಟಿಗೆ ಇಳಿಸುತ್ತಿದ್ದವನು ಏನಾಯಿತೋ ತಿಳಿಯದು, ಸದಾನಂದಣ್ಣನ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ. ನಾನು ಏಳನೇ ಕ್ಲಾಸ್ ಅಲ್ಲ, ನಿಮಗೆ ಮೋಸ ಮಾಡಿದ್ದೇನೆ ಎಂದೆ.

ಅವರು ನಕ್ಕುಬಿಟ್ಟರು. "ನಿನಗೆ ಓದ್ಲಿಕ್ಕೆ ಬರುದಿಲ್ಲ ಅಂತ ನನಗೆ ಮೊದಲ ತಿಂಗಳೇ ಗೊತ್ತುಂಟು ಮಾರಾಯ. ದಿನಾ ಬೆಳಿಗ್ಗೆ ಗ್ರೀಸ್ ಬೇಡುವ ಗಾಡಿ ಇಡೀ ಬಹರೈನಿನಲ್ಲಿ ಯಾವುದುಂಟು? ಗಾಡಿ ಓಡಿಸ್ತೀ, ಕದಿಯುದಿಲ್ಲ, ಅಷ್ಟು ಸಾಕಿತ್ತು ನನಗೆ" ಎಂದರು. ಆಮೇಲೆ ನಾನು ಚೀಟಿ ಓದತೊಡಗಿದ್ದನ್ನೂ ಅವರು ಗಮನಿಸಿದ್ದರಂತೆ. ಎಲ್ಲಿ ಕಲಿತೆ ಎಂದು ಮಾತ್ರ ಕೇಳಿರಲಿಲ್ಲ.

"ಅಕ್ಕನ ಕ್ಲಾಸಿನಲ್ಲಿ. ಆ ಹದಿಮೂರನೆಯವ ನಾನೇ" ಎಂದೆ.

ಅವರ ನಗು ನಿಂತಿತು. ಅಕ್ಕಿ ಮೂಟೆಯ ಮೇಲೆ ಕೂತರು. "ಅದು ಗೊತ್ತಿದ್ರೆ ನಾನು ಕೈ ಎತ್ತುತ್ತಿರ್ಲಿಲ್ಲ ಲೋಕೇಶ. ನಾನೂ ವಾರಿಜಕ್ಕ ಸುಳ್ಳು ಲೆಕ್ಕ ಕೊಟ್ಟಿದ್ದಾರೆ ಅಂತಲೇ ತಿಳ್ಕೊಂಡಿದ್ದೆ. ಇವತ್ತಿನವರೆಗೂ" ಎಂದರು.

ಆ "ಇವತ್ತಿನವರೆಗೂ" ಎಂಬ ಮಾತು ನನ್ನನ್ನು ಕೊರೆಯಿತು. ಅವರಂತೆ ಇನ್ನೆಷ್ಟು ಜನ ಹಾಗೇ ತಿಳಿದಿದ್ದರೋ. ಅಕ್ಕ ಐದು ವರ್ಷ ಅವರ ನಡುವೆಯೇ ಓಡಾಡಿ, ಅವರ ಮನೆಯ ನಾಮಕರಣಕ್ಕೆ ಹೂ ಕಟ್ಟಿ, ಗೋಳಿಬಜೆ ಮಾಡಿ ಬಡಿಸಿದ್ದಳು. ಅಡುಗೆಮನೆಯಲ್ಲಿ ಅವಳೊಬ್ಬಳಿಗೆ ಗುಟ್ಟಾಗಿ ಕ್ಷಮೆ ಕೇಳಿದರೆ ಆ ಲೆಕ್ಕ ಸರಿಯಾಗುತ್ತಿರಲಿಲ್ಲ. ತಪ್ಪು ನಡೆದ ಜಾಗದಲ್ಲೇ ಹೇಳಬೇಕಿತ್ತು.

ಸಂಘದವರು ಅದೇ ಹೂರಾದ ಕೋಣೆಯಲ್ಲಿ ಒಂದು ಶುಕ್ರವಾರ ಅಕ್ಕ ಬಾವನಿಗೆ ಬೀಳ್ಕೊಡುಗೆ ಇಟ್ಟುಕೊಂಡರು. ಅದೇ ಕುರ್ಚಿಗಳು, ಅದೇ ಗಡಿಯಾರ. ಹಳೆಯ ಅಧ್ಯಕ್ಷರೂ ಅವಾಲಿಯಿಂದ ಬಂದಿದ್ದರು. ಶಾಲು ಹೊದೆಸಿದರು, ಹಣ್ಣು ಕೊಟ್ಟರು. ಯಾರಾದರೂ ಎರಡು ಮಾತಾಡುವುದಿದ್ದರೆ ಆಡಬಹುದು ಎಂದು ಕಾರ್ಯದರ್ಶಿ ಹೇಳಿದರು. ಸದಾನಂದಣ್ಣ ಪಕ್ಕದಲ್ಲೇ ಕೂತಿದ್ದವರು ನನ್ನ ಬೆನ್ನಿಗೆ ಕೈಯಿಟ್ಟು ಸ್ವಲ್ಪ ತಳ್ಳಿದರು.

ಎದ್ದು ನಿಂತೆ. ಮೊದಲು ಬಂದದ್ದು ಒಂದು ಕೆಮ್ಮು. ಅಕ್ಕ ತಟ್ಟನೆ ತಲೆ ಎತ್ತಿದಳು. ಬೇಡ ಎನ್ನುವಂತೆ ಮೆಲ್ಲಗೆ ತಲೆ ಅಲ್ಲಾಡಿಸಿದಳು. ಆಗಲೂ ಅವಳು ನನ್ನನ್ನು ಕಾಯುತ್ತಲೇ ಇದ್ದಳು. ನಾನು ಈ ಸಲ ಅವಳ ಮಾತು ಕೇಳಲಿಲ್ಲ.

"ಬಂದಿದ್ದೇನೆ ಟೀಚರ್" ಎಂದೆ. "ಆ ಹದಿಮೂರನೆಯವ ನಾನು. ನನಗೆ ಓದ್ಲಿಕ್ಕೆ ಬರ್ತಿರ್ಲಿಲ್ಲ, ನೀನು ಕಲಿಸಿದೆ. ಅವತ್ತು ಇಲ್ಲೇ ಕೂತಿದ್ದೆ, ಏಳ್ಲಿಲ್ಲ. ನಿನ್ನ ಕ್ಲಾಸ್ ಮುಚ್ಚಲಿಕ್ಕೆ ಕೈಯೂ ಎತ್ತಿದೆ. ನೀನು ಸುಳ್ಳು ಹೇಳ್ಲಿಲ್ಲ, ಸುಳ್ಳ ನಾನು. ತಪ್ಪಾಯ್ತು ಅಕ್ಕ, ನನ್ನನ್ನು ಕ್ಷಮಿಸು."